ಗೋಡೆ ಬೆಸೆದ ಮಾತು



1993ರ ಸೆಪ್ಟೆಂಬರ್ 30. ಗಣಪತಿ ಕಳಿಸಿ ಜನ ಮಲಗಿದ್ದರು. ನಸುಕಿನ 3 ಗಂಟೆ 56 ನಿಮಿಷಕ್ಕೆ ಕಿಲ್ಲಾರಿ ಸುತ್ತಲಿನ ನೆಲ ನಡುಗಿತು. ಸುಮಾರು 8,000 ಜನ ತೀರಿಕೊಂಡರು.

ಜೀವ ತೆಗೆದದ್ದು ಬಿದ್ದ ಮನೆಗಳು. ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆ, ಮೇಲೆ ಭಾರವಾದ ಮಣ್ಣಿನ ಮಾಳಿಗೆ. ಗೋಡೆಯ ಒಳಮೈ, ಹೊರಮೈ ಎರಡನ್ನೂ ಹಿಡಿದಿಡುವಂತೆ ಈಚೆಯಿಂದ ಆಚೆಗೆ ಹಾಯುವ ಕಲ್ಲು ಬಹಳ ಕಡೆ ಇರಲಿಲ್ಲ. ನೆಲ ಅಲುಗಿದೊಡನೆ ಎರಡೂ ಬೇರಾಗಿ ಉರುಳಿದವು.

ಪೂರಾ ನೆಲಸಮವಾದ 52 ಹಳ್ಳಿಗಳಿಗೆ ಹೊಸ ಜಾಗ ಸಿಕ್ಕಿತು. ಸಾವಿರಕ್ಕೂ ಹೆಚ್ಚು ಹಳ್ಳಿಗಳಲ್ಲಿ ಮಾತ್ರ ಇದ್ದ ಮನೆಯನ್ನೇ ಸರಕಾರದ ಹಣದಿಂದ ಮನೆಯವರು ಗಟ್ಟಿ ಮಾಡಿಕೊಳ್ಳಬೇಕಿತ್ತು. ಹಣ ಬರುವುದು ಕಂತಿನಲ್ಲಿ, ಕೆಲಸ ಸರಿಯಾಗಬೇಕು. ಇದನ್ನೆಲ್ಲ ಮನೆಮನೆಗೆ ತಿಳಿಸುವವರು ಯಾರು?

ಸ್ವಯಂ ಶಿಕ್ಷಣ ಪ್ರಯೋಗ ಎಂಬ ಸಂಸ್ಥೆಯ ನೆರವಿನಿಂದ ಮಹಿಳಾ ಮಂಡಳಗಳ ಹೆಣ್ಣುಮಕ್ಕಳು ಮುಂದೆ ಬಂದರು. ಅವರಿಗೆ ‘ಸಂವಾದ ಸಹಾಯಕ’ ಎಂದು ಹೆಸರು. ಮರಾಠಿಯಲ್ಲೂ ಕನ್ನಡದಲ್ಲೂ ಅರ್ಥ ಒಂದೇ. ಅವರು ಮನೆ ಗಟ್ಟಿ ಮಾಡುವ ಬಗೆ ಕಲಿತರು, ಊರಲ್ಲಿ ಸಭೆ ಕರೆದರು, ಜನರ ತಕರಾರನ್ನು ಇಂಜಿನಿಯರರಿಗೆ ಮುಟ್ಟಿಸಿದರು. ಸಭೆಯಲ್ಲಿ ಬಾಯಿ ತೆರೆಯದಿದ್ದವರು ಲೆಕ್ಕ ಕೇಳುವವರಾದರು. 2001ರಲ್ಲಿ ಕಚ್ಛದಲ್ಲಿ ಭೂಕಂಪವಾದಾಗ ಇಲ್ಲಿನ ಹೆಣ್ಣುಮಕ್ಕಳೇ ಅಲ್ಲಿಗೆ ಹೋಗಿ ತಮ್ಮ ಅನುಭವ ಹೇಳಿದರು.

ನೀವೂ ಹಳೆಯ ಗೋಡೆ ಎತ್ತಿ ಕಟ್ಟಿಸುವುದಿದ್ದರೆ ನೆರೆಯವರನ್ನು ಕರೆದು ಮಾತಾಡಿ. ಗೌಂಡಿಗೆ ಒಂದು ಮಾತು ಕೇಳಿ: ಆಚೆಗೆ ಹಾಯುವ ಕಲ್ಲು ಎಲ್ಲೆಲ್ಲಿ ಇಡುತ್ತೀಯಪ್ಪಾ?