ದಾರಿ ತೋರುವವರಿಗೂ ಬೇಕು ಒಂದು ಆಸರೆ

ನಮ್ಮ ಮಕ್ಕಳಿಗೆ ಶಿಕ್ಷಕರಿದ್ದಾರೆ. ಶಿಕ್ಷಕರಿಗೆ ನೆರವಾಗಲು ಸಂಪನ್ಮೂಲ ವ್ಯಕ್ತಿಗಳಿದ್ದಾರೆ. ಆದರೆ ಆ ಸಂಪನ್ಮೂಲ ವ್ಯಕ್ತಿಗಳ ಕಷ್ಟಸುಖವನ್ನು ಆಲಿಸುವವರು ಯಾರು? ಪಾಲಕರಾದ ನಾವು ಈ ಪ್ರಶ್ನೆಯನ್ನು ಕೇಳಿಕೊಳ್ಳುವುದು ವಿರಳ.

1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಫಲವಾಗಿ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳು ರೂಪುಗೊಂಡವು. ತರುವಾಯದ ಯೋಜನೆಗಳಿಂದ ಕ್ಷೇತ್ರ ಸಂಪನ್ಮೂಲ ಕೇಂದ್ರಗಳೂ ಶಾಲೆಯಿಂದ ಶಾಲೆಗೆ ಸಂಚರಿಸುವ ಸಮೂಹ ಸಂಪನ್ಮೂಲ ವ್ಯಕ್ತಿಗಳೂ ಬಂದರು. ಇವರೂ ಮೂಲತಃ ಶಿಕ್ಷಕರೇ. ಪಾಠ ನೋಡಿ ಸಲಹೆ ನೀಡುವುದು ಇವರ ಕರ್ತವ್ಯ. ಆದರೆ ಅಂಕಿಅಂಶ ಸಂಗ್ರಹ, ವರದಿಗಳ ಹೊರೆಯೂ ಹೆಗಲ ಮೇಲಿದೆ.

ತುಮಕೂರು ರಸ್ತೆಯ ಮಾಕಳಿಯಂತಹ, ಹಳ್ಳಿತನ ಮಾಸಿ ನಗರವಾಗುತ್ತಿರುವ ಊರಿನ ತರಗತಿಯೊಂದನ್ನು ಕಲ್ಪಿಸಿಕೊಳ್ಳೋಣ. ಮನೆಮಾತು ಕನ್ನಡವಲ್ಲದ ಮಗುವೊಂದು ಓದಲಾರದೆ ತಲೆತಗ್ಗಿಸಿ ನಿಂತಿದೆ. ಭೇಟಿಗೆ ಬಂದವರು ಅವಸರದಲ್ಲಿ, ಮಕ್ಕಳೆದುರಿಗೇ, “ಇಷ್ಟು ದಿನ ಏನು ಕಲಿಸಿದಿರಿ ಮೇಡಂ?” ಎಂದುಬಿಡುತ್ತಾರೆ. ಶಿಕ್ಷಕಿಯ ಮುಖ ಬಾಡುತ್ತದೆ. ಮುಂದಿನ ಭೇಟಿಯಲ್ಲಿ ಅವರು ತಮ್ಮ ತೊಡಕನ್ನು ಹೇಳಿಕೊಳ್ಳುವುದಿಲ್ಲ; ಚೆನ್ನಾಗಿ ಓದುವ ಮಗುವನ್ನೇ ಎಬ್ಬಿಸಿ ಓದಿಸುತ್ತಾರೆ. ತಲೆತಗ್ಗಿಸಿದ ಮಗು ಹಿಂದೆಯೇ ಉಳಿಯುತ್ತದೆ.

ಇಂತಹ ತಪ್ಪನ್ನು ತಾವೇ ಕಂಡುಕೊಳ್ಳಲು ಇರುವ ದಾರಿಯೇ ಆತ್ಮಾವಲೋಕನದ ಮೇಲ್ವಿಚಾರಣೆ. ಸಮಾಜಕಾರ್ಯ ಮತ್ತು ಆಪ್ತಸಮಾಲೋಚನೆಯ ಕ್ಷೇತ್ರಗಳಲ್ಲಿ ಇದು ಬಹುಕಾಲದಿಂದ ರೂಢಿಯಲ್ಲಿದೆ. ಮಾಡಿದ ಕೆಲಸವನ್ನು ಮರಳಿ ಆಲೋಚಿಸುವುದೇ ವೃತ್ತಿಜ್ಞಾನದ ಮೂಲವೆಂಬ ವಿಚಾರವನ್ನು ಅಮೆರಿಕದ ಚಿಂತಕ ಡೊನಾಲ್ಡ್ ಶಾನ್ 1983ರ ತಮ್ಮ ಗ್ರಂಥದಲ್ಲಿ ಪ್ರತಿಪಾದಿಸಿದರು.

ವಿಧಾನ ಸರಳವಾದುದು. ತಿಂಗಳಿಗೊಮ್ಮೆ, ಗೊತ್ತಾದ ಸಮಯದಲ್ಲಿ, ಅನುಭವಿಯೊಬ್ಬರ ಮುಂದೆ ಕುಳಿತು ಒಂದು ಭೇಟಿಯನ್ನು ನೆನಪಿಸಿಕೊಳ್ಳುವುದು. ಏನಾಯಿತು? ಆಗ ನನ್ನ ಮನಸ್ಸು ಹೇಗಿತ್ತು? ಶಿಕ್ಷಕಿಗೆ ಏನೆನ್ನಿಸಿರಬಹುದು? ಮುಂದೆ ಹೇಗೆ ನಡೆದುಕೊಳ್ಳಲಿ? ಕೇಳುವವರು ತೀರ್ಪು ನೀಡಬಾರದು. ಸೇವಾ ವರದಿ ಬರೆಯುವ ಅಧಿಕಾರಿಯೇ ಆ ಸ್ಥಾನದಲ್ಲಿದ್ದರೆ ಯಾರೂ ತಪ್ಪೊಪ್ಪಿಕೊಳ್ಳಲಾರರು. ಆದುದರಿಂದ ಬೇರೆಯವರಿರುವುದು ಲೇಸು. ಮಗುವಿನ ಸುರಕ್ಷತೆಗೆ ಸಂಬಂಧಿಸಿದ ಸಂಗತಿಯ ಹೊರತು ಉಳಿದ ಮಾತು ಅಲ್ಲಿಯೇ ಉಳಿಯಬೇಕು.

2020ರ ಶಿಕ್ಷಣ ನೀತಿಯು ಶಿಕ್ಷಕರಿಗೆ ವರ್ಷಕ್ಕೆ ಕನಿಷ್ಠ 50 ಗಂಟೆಗಳ ವೃತ್ತಿವಿಕಾಸವನ್ನು ನಿರೀಕ್ಷಿಸುತ್ತದೆ. ಆ ವಿಕಾಸಕ್ಕೆ ನೆರವಾಗುವವರಿಗಾಗಿ ತಿಂಗಳಲ್ಲಿ ಒಂದು ಗಂಟೆ ಮೀಸಲಿಡುವುದು ದುಬಾರಿಯೇನಲ್ಲ. ನಮ್ಮ ಮನೆಗಳಲ್ಲಿಯೇ ಎಷ್ಟೋ ಮಂದಿ ನಿವೃತ್ತ ಶಿಕ್ಷಕರಿದ್ದಾರೆ. ಉಪದೇಶವನ್ನು ಬದಿಗಿಟ್ಟು ಆಲಿಸಬಲ್ಲ ಹಿರಿಯರು ಈ ಹೊಣೆಗೆ ಮುಂದಾಗಲಿ. ಆಗ ಸಂಪನ್ಮೂಲ ವ್ಯಕ್ತಿಯು ಅದೇ ತರಗತಿಗೆ ಮರಳಿ, ಶಿಕ್ಷಕಿಯನ್ನು ಪಕ್ಕಕ್ಕೆ ಕರೆದು, “ಆ ಮಗುವಿಗೆ ನಾವಿಬ್ಬರೂ ಸೇರಿ ಏನು ಮಾಡೋಣ ಮೇಡಂ?” ಎಂದು ಕೇಳಿಯಾರು.