ಒಂದೇ ತೆರೆ, ಎರಡು ನಗೆ

ಮಕ್ಕಳಿಗೆಂದು ನಿರ್ಮಿತವಾದ ಚಲನಚಿತ್ರಕ್ಕೆ ಮಕ್ಕಳು ಒಬ್ಬರೇ ಬರುವುದಿಲ್ಲ, ಅವರ ಕೈಹಿಡಿದು ಹಿರಿಯರೂ ಬರುತ್ತಾರೆಂಬುದನ್ನು ಅಮೆರಿಕದ ಚಿತ್ರನಿರ್ಮಾಪಕರು ಬಹುಕಾಲದಿಂದ ಬಲ್ಲರು. ವಾರ್ನರ್ ಬ್ರದರ್ಸ್ ಸಂಸ್ಥೆಯ ಕಾರ್ಟೂನುಗಳು ದೂರದರ್ಶನಕ್ಕೆ ಬರುವುದಕ್ಕೆ ಮುನ್ನ ಚಿತ್ರಮಂದಿರಗಳಲ್ಲಿ ಸಕಲ ವಯೋಮಾನದ ಪ್ರೇಕ್ಷಕರೆದುರು ಪ್ರದರ್ಶಿತವಾಗುತ್ತಿದ್ದವು. ಆದುದರಿಂದಲೇ 1957ರಲ್ಲಿ ಚಕ್ ಜೋನ್ಸ್ ನಿರ್ದೇಶಿಸಿದ ‘ವಾಟ್ಸ್ ಆಪೆರಾ, ಡಾಕ್?’ ಎಂಬ ಕಿರುಚಿತ್ರದಲ್ಲಿ ಬಗ್ಸ್ ಬನ್ನಿಯೆಂಬ ಮೊಲದ ಚೇಷ್ಟೆಗೆ ಬಾಲಕರು ನಗುತ್ತಿರುವಾಗ, ವಾಗ್ನರನ ಗೀತನಾಟಕಗಳ ಘನಗಾಂಭೀರ್ಯಕ್ಕೆ ಒದಗಿದ ದುರವಸ್ಥೆಯನ್ನು ಕಂಡು ಸಂಗೀತಜ್ಞರು ನಗುತ್ತಿದ್ದರು.

ಈ ಕಲೆ ಪರಿಪಕ್ವವಾಗಿ ಕಾಣುವುದು ಸಂಪೂರ್ಣವಾಗಿ ಗಣಕಯಂತ್ರದಿಂದಲೇ ಸಿದ್ಧವಾದ ಮೊತ್ತಮೊದಲ ಕಥಾಚಿತ್ರವಾದ, 1995ರ ‘ಟಾಯ್ ಸ್ಟೋರಿ’ಯಲ್ಲಿ. ಕಣ್ಣು, ಮೂಗು, ಕಿವಿಗಳನ್ನು ಕಿತ್ತು ಮತ್ತೆ ಅಂಟಿಸಬಹುದಾದ ಆಲೂಗಡ್ಡೆಯ ಗೊಂಬೆ ತನ್ನ ಮುಖವನ್ನು ಅಸ್ತವ್ಯಸ್ತವಾಗಿಸಿಕೊಂಡು, ನಾನೀಗ ಪಿಕಾಸೊ ಎಂದು ಹಂದಿಯಾಕಾರದ ಹಣದ ಹುಂಡಿಗೆ ಹೇಳುತ್ತದೆ, ಹಂದಿಗೆ ಅರ್ಥವಾಗುವುದಿಲ್ಲ, ಸಂಸ್ಕಾರವಿಲ್ಲದ ಹಂದಿಯೆಂದು ಗೊಂಬೆ ಅದನ್ನು ಜರೆಯುತ್ತದೆ. ಸೊಟ್ಟಮೂತಿಯನ್ನು ಕಂಡ ಮಗುವಿನ ನಗೆಗೆ ಇಲ್ಲಿ ಯಾವ ಕೊರತೆಯೂ ಇಲ್ಲ. ಪಿಕಾಸೊನ ಚಿತ್ರಗಳನ್ನು ಬಲ್ಲವರಿಗಾದರೋ ಅದೇ ಮುಖದಲ್ಲಿ ಒಂದು ಕಲಾಪಂಥವೇ ಗೋಚರಿಸುತ್ತದೆ. ವಾಚ್ಯಾರ್ಥವು ಅಳಿಯದೆ ನಿಂತೇ ವ್ಯಂಗ್ಯಾರ್ಥವನ್ನು ಬೆಳಗುವ ಧ್ವನಿಪ್ರಭೇದವೊಂದನ್ನು ಕಾವ್ಯಮೀಮಾಂಸಕ ಆನಂದವರ್ಧನನು ನಿರೂಪಿಸಿರುವನಷ್ಟೆ. ಆ ಲಕ್ಷಣಕ್ಕೆ ಇದಕ್ಕಿಂತ ಸರಳವಾದ ಲಕ್ಷ್ಯವನ್ನು ನಾನು ಕಾಣೆ.

2001ರ ‘ಶ್ರೆಕ್’ ಇನ್ನಷ್ಟು ಧೈರ್ಯವಹಿಸುತ್ತದೆ. ಕುಳ್ಳನಾದ ಫಾರ್ಕ್ವಾಡ್ ಪ್ರಭುವಿನ ಗಗನಚುಂಬಿ ಕೋಟೆಯನ್ನು ಕಂಡು, ಈತನಿಗೆ ಏನೋ ಕೊರತೆಯಿರಬೇಕೆಂಬ ಅರ್ಥದಲ್ಲಿ ಶ್ರೆಕ್ ಆಡುವ ಮಾತಿನ ಶೃಂಗಾರಸೂಚನೆ ಹಿರಿಯರಿಗೆ ಮಾತ್ರ ತಟ್ಟುತ್ತದೆ; ಮಗು ಎತ್ತರದ ಕೊರತೆಯನ್ನಷ್ಟೇ ಗ್ರಹಿಸಿ ಸಂತುಷ್ಟವಾಗುತ್ತದೆ. ಇದರಲ್ಲಿ ನನಗೆ ಅಶ್ಲೀಲವೇನೂ ಕಾಣದು. ಆದರೆ ಹಿರಿಯರು ನಗುವಾಗ ಮಗು ನಗಲು ಏನೂ ಇಲ್ಲದೆ ಪಿಳಿಪಿಳಿ ನೋಡುವಂತಾದರೆ, ಆ ಹಾಸ್ಯ ಎಷ್ಟೇ ಚತುರವಾಗಿದ್ದರೂ, ಕರೆದ ಅತಿಥಿಗೇ ಎಲೆ ಹಾಕದ ಊಟದಂತೆ ಅನುಚಿತ.

ನನ್ನ ಮನಸ್ಸನ್ನು ಬಹುವಾಗಿ ಸೆಳೆದುದು 2003ರ ‘ಫೈಂಡಿಂಗ್ ನೀಮೊ’. ಬ್ರೂಸ್ ಎಂಬ ಶಾರ್ಕ್ ಮೀನು ತನ್ನಿಬ್ಬರು ಸಂಗಡಿಗರೊಡನೆ ಸಭೆ ಸೇರಿ, ಮೀನುಗಳು ಮಿತ್ರರೇ ಹೊರತು ಆಹಾರವಲ್ಲವೆಂದು ಪ್ರತಿಜ್ಞೆ ಮಾಡುತ್ತದೆ. 1975ರ ‘ಜಾಸ್’ ಚಿತ್ರದ ಯಂತ್ರಶಾರ್ಕಿಗೆ ಚಿತ್ರತಂಡದವರು ಇಟ್ಟಿದ್ದ ಹೆಸರೇ ಬ್ರೂಸ್ ಎಂಬುದು ಸಿನಿಮಾಪ್ರಿಯರಿಗೆ ದೊರೆಯುವ ಕಿರುಕಾಣಿಕೆ. ಆದರೆ ಆ ಸಭೆಯ ರೀತಿ ಮದ್ಯವ್ಯಸನಿಗಳು ಪರಸ್ಪರ ನೆರವಿಗಾಗಿ ನಡೆಸುವ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಟದ ಪ್ರತಿರೂಪ. ಅಷ್ಟರಲ್ಲಿ ಅಲ್ಲಿದ್ದ ಡೋರಿಯೆಂಬ ಪುಟ್ಟ ಮೀನಿನ ಮೂಗಿನಿಂದ ತುಸು ರಕ್ತ ಒಸರುತ್ತದೆ, ಬ್ರೂಸನ ಕಣ್ಣು ಕಪ್ಪಾಗುತ್ತದೆ, ಸಂಗಡಿಗರು ಅವನನ್ನು ತಡೆಯಲು ಹೆಣಗುತ್ತಾರೆ. ಮಗು ಬೆದರುವ ಆ ಗಳಿಗೆಯಲ್ಲೇ, ಸ್ವಗೃಹದಲ್ಲಿ ಕುಡಿತದ ಸಂಕಟವನ್ನು ಉಂಡವರು ಮುರಿದುಬಿದ್ದ ಸಂಕಲ್ಪವನ್ನು ಗುರುತಿಸಿ, ನಗುತ್ತ ನಗುತ್ತಲೇ ಬ್ರೂಸನಿಗಾಗಿ ಮರುಗುತ್ತಾರೆ. ಹಾಸ್ಯವು ಇಷ್ಟು ಸಹಜವಾಗಿ ಕರುಣೆಯಲ್ಲಿ ಪರ್ಯವಸಾನಗೊಳ್ಳುವ ಸನ್ನಿವೇಶಗಳು ಹಿರಿಯರಿಗೆಂದೇ ತೆಗೆದ ಚಿತ್ರಗಳಲ್ಲಿಯೂ ವಿರಳ.