ಹಳೆಯ ಕಾರಿಗೆ ಹೊಸ ಬಣ್ಣ: ಮೊದಲು ತಗಡು, ಆಮೇಲೆ ಥಳುಕು

ಗೋಡೆಯ ಬಿರುಕನ್ನು ಮುಚ್ಚದೆ ಸುಣ್ಣ ಬಳಿಯಬಾರದೆಂಬುದು ನಮ್ಮ ಹಿರಿಯರೆಲ್ಲರಿಗೂ ತಿಳಿದಿದ್ದ ಸಂಗತಿ. ಆದರೆ ಅದೇ ಮನೆಯ ಅಂಗಳದಲ್ಲಿ ನಿಂತಿರುವ ಹಳೆಯ ಕಾರಿನ ಮಾತು ಬಂದಾಗ ಈ ವಿವೇಕ ಹಲವರಿಗೆ ನೆನಪಾಗುವುದಿಲ್ಲ. "ಒಂದು ಕೋಟು ಬಣ್ಣ ಹೊಡೆಸಿದರೆ ಹೊಸದರಂತಾದೀತು" ಎಂದು ಹೇಳಿಬಿಡುತ್ತಾರೆ. ಬಣ್ಣವು ಈ ಕೆಲಸದ ಕೊನೆಯ ಮೆಟ್ಟಿಲೆಂಬುದನ್ನೂ, ಅದರ ಕೆಳಗಿನ ಮೆಟ್ಟಿಲುಗಳು ಗಟ್ಟಿಯಾಗಿರದಿದ್ದರೆ ಏನಾಗುತ್ತದೆಂಬುದನ್ನೂ ವಾಚಕರೊಡನೆ ವಿಚಾರಿಸುವುದು ನಮ್ಮ ಉದ್ದೇಶ.

ಕಾಸರಗೋಡಿನ ಹಳ್ಳಿಗಳಲ್ಲಿ ಅಡಕೆ ತೋಟದ ಮನೆಗಳ ಕೊಟ್ಟಿಗೆಯ ಪಕ್ಕದಲ್ಲಿ ಇಂದಿಗೂ ಅಲ್ಲೊಂದು ಇಲ್ಲೊಂದು ಅಂಬಾಸಿಡರ್ ಅಥವಾ ಪ್ರೀಮಿಯರ್ ಪದ್ಮಿನಿ ಕಾಣಸಿಗುತ್ತದೆ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮಾದರಿಯಲ್ಲಿ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಾಗುತ್ತಿದ್ದ ಅಂಬಾಸಿಡರ್ 2014ರಲ್ಲಿ ನಿಂತುಹೋಯಿತು. ಇಟಲಿಯ ಫಿಯೆಟ್ 1100ರ ವಂಶದ ಪದ್ಮಿನಿ ಅದಕ್ಕೂ ಮೊದಲೇ ನಿಂತಿತ್ತು. ಆದರೂ ಇವುಗಳನ್ನು ಗುಜರಿಗೆ ಹಾಕಲು ಮನೆಯವರಿಗೆ ಮನಸ್ಸು ಬಾರದು. ತಂದೆ ಕೊಂಡ ಕಾರು. ಮಗಳು ಮದುವೆಯ ದಿನ ಹತ್ತಿ ಹೋದ ಕಾರು. ನಡುರಾತ್ರಿ ರೋಗಿಯನ್ನು ಮಂಗಳೂರಿನ ಆಸ್ಪತ್ರೆಗೆ ಮುಟ್ಟಿಸಿದ ಕಾರು. ಅದನ್ನು ಉಳಿಸಿಕೊಳ್ಳುವ ಆಸೆ ಸಹಜವಾದದ್ದೇ. ಉಳಿಸುವ ಕ್ರಮ ಮಾತ್ರ ಪ್ರಾಮಾಣಿಕವಾಗಿರಬೇಕು.

ಮೈಯೇ ಬೆನ್ನೆಲುಬು

ಲಾರಿಗೂ ಹಳೆಯ ಜೀಪಿಗೂ ಕೆಳಗೆ ಉಕ್ಕಿನ ಪ್ರತ್ಯೇಕ ಚಾಸಿಸ್ ಇದೆ. ಮೈ ಅದರ ಮೇಲೆ ಕುಳಿತಿರುತ್ತದೆ. ಅಂಬಾಸಿಡರಿಗೂ ಪದ್ಮಿನಿಗೂ ಅಂಥ ಬೇರೆ ಚಾಸಿಸ್ ಇಲ್ಲ. ನೆಲದ ತಗಡು, ಬಾಗಿಲ ಕೆಳಗಿನ ಹೊಸ್ತಿಲು, ಕಂಬಗಳು, ಮಾಡು ಎಲ್ಲವೂ ಬೆಸೆದುಕೊಂಡು ಒಂದೇ ಗೂಡಾಗಿ ಭಾರವನ್ನು ಹೊರುತ್ತವೆ. ಆದುದರಿಂದ ಹೊಸ್ತಿಲು ತುಕ್ಕು ಹಿಡಿದರೆ ಕಾರಿನ ಅಂದ ಮಾತ್ರವಲ್ಲ, ಬೆನ್ನೆಲುಬೇ ಕೆಡುತ್ತದೆ. ಅಪಘಾತವಾದಾಗ ಒಳಗಿರುವವರನ್ನು ಕಾಯಬೇಕಾದುದು ಈ ತಗಡೇ. ಅದರ ತೂತಿಗೆ ಪುಟ್ಟಿ ಮೆತ್ತಿ ಬಣ್ಣ ಬಳಿದರೆ ಮೇಲೆ ಥಳುಕು, ಒಳಗೆ ಹುಳುಕು ಎಂಬ ಗಾದೆಗೆ ಉದಾಹರಣೆ ಸಿದ್ಧವಾದಂತೆ.

ಕಬ್ಬಿಣಕ್ಕೆ ನೀರು ಮತ್ತು ಗಾಳಿಯಲ್ಲಿರುವ ಆಮ್ಲಜನಕ ಸೇರಿದರೆ ತುಕ್ಕು ಹುಟ್ಟುತ್ತದೆ. ಉಪ್ಪು ಅದರ ವೇಗವನ್ನು ಹೆಚ್ಚಿಸುತ್ತದೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ, ಸಮುದ್ರದ ಗಾಳಿ ಬೀಸುವ ನಮ್ಮ ಕರಾವಳಿಯಲ್ಲಿ ಈ ಮೂರಕ್ಕೂ ಕೊರತೆಯಿಲ್ಲ. ಕಬ್ಬಿಣಕ್ಕಿಂತ ತುಕ್ಕು ಹೆಚ್ಚು ಜಾಗವನ್ನು ಬೇಡುತ್ತದೆ. ಹೀಗಾಗಿ ಅದು ಬಣ್ಣವನ್ನು ಕೆಳಗಿನಿಂದ ಗುಳ್ಳೆಯಂತೆ ಎತ್ತುತ್ತದೆ. ಹೊರಗೆ ಕಡಲೆಯಷ್ಟು ಗುಳ್ಳೆ ಕಂಡಲ್ಲಿ ಒಳಗೆ ಅಂಗೈಯಗಲದ ತಗಡು ಸವೆದಿರುವುದುಂಟು. ಸೊಲ್ಲಾಪುರ, ಅದವಾನಿಯ ಒಣಹವೆಯಲ್ಲಿ ತುಕ್ಕು ಇಷ್ಟು ಬೇಗ ಹರಡದು. ಅಲ್ಲಿ ಬಿಸಿಲೇ ಬಣ್ಣವನ್ನು ಮಾಸಿಸಿ ಬಿರಿಯಿಸುತ್ತದೆ.

ಪರೀಕ್ಷೆಯೇ ಮೊದಲ ಪಾಠ

ಕಾರನ್ನು ವರ್ಕ್‌ಶಾಪಿಗೆ ಒಪ್ಪಿಸುವ ಮುನ್ನ ಮನೆಯವರೇ ಮಾಡಬಹುದಾದ ಪರೀಕ್ಷೆಗಳಿವೆ. ನೆಲದ ಚಾಪೆಯನ್ನೆತ್ತಿ ನೋಡಬೇಕು. ಬಾಗಿಲಿನ ಕೆಳಗಂಚು, ಚಕ್ರದ ಮೇಲಿನ ಕಮಾನು, ಡಿಕ್ಕಿಯ ತಳ, ಮುಂಗಾಜಿನ ರಬ್ಬರಿನ ಅಡಿ, ಇವು ನೀರು ನಿಲ್ಲುವ ಜಾಗಗಳು. ಬಾಗಿಲಿನ ತಳದಲ್ಲಿ ನೀರು ಹರಿದುಹೋಗಲು ಸಣ್ಣ ರಂಧ್ರಗಳಿರುತ್ತವೆ. ಕಸ ಕಟ್ಟಿ ಅವು ಮುಚ್ಚಿದ್ದರೆ ಬಾಗಿಲು ಒಳಗಿನಿಂದಲೇ ಕೊಳೆಯುತ್ತದೆ. ತೆಳು ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಮೈಮೇಲೆ ಆಡಿಸಿದರೆ ಗಟ್ಟಿ ತಗಡಿಗೆ ಅದು ಅಂಟುತ್ತದೆ. ದಪ್ಪ ಪುಟ್ಟಿಯಿದ್ದಲ್ಲಿ ಜಾರಿಬೀಳುತ್ತದೆ. ಹಳೆಯ ಕಾರನ್ನು ಕೊಳ್ಳುವವರಿಗೂ ಇದು ಉಪಯುಕ್ತ. ಹೊಸ್ತಿಲನ್ನೂ ಜಾಕ್ ಕೊಡುವ ಜಾಗವನ್ನೂ ಸ್ಕ್ರೂಡ್ರೈವರಿನಿಂದ ಒತ್ತಿ ನೋಡಿದಾಗ ಅದು ಒಳಗಿಳಿದರೆ, ಬಣ್ಣದ ಲೆಕ್ಕ ಹಾಕುವ ಮೊದಲು ವೆಲ್ಡಿಂಗಿನ ಲೆಕ್ಕ ಹಾಕತಕ್ಕದ್ದು. ತಳವೆಲ್ಲ ಹೀಗೆಯೇ ಇದ್ದರೆ ಕಾರನ್ನು ಬಿಟ್ಟುಕೊಡುವುದೇ ಜಾಣತನ.

ತಗಡಿನ ಕೆಲಸ

ನಮ್ಮ ಕಡೆ ಟಿಂಕರಿಂಗ್ ಎಂದೂ ಸೊಲ್ಲಾಪುರದ ಕಡೆ ಡೆಂಟಿಂಗ್ ಎಂದೂ ಕರೆಯುವ ಈ ವಿದ್ಯೆ ಅಕ್ಕಸಾಲಿಯ ಕೆಲಸಕ್ಕೆ ಹತ್ತಿರವಾದುದು. ತಗ್ಗಿನ ಒಂದು ಬದಿಗೆ ಡಾಲಿಯೆಂಬ ಉಕ್ಕಿನ ಗಟ್ಟಿಯನ್ನು ಒತ್ತಿಹಿಡಿದು ಇನ್ನೊಂದು ಬದಿಯಿಂದ ಚಪ್ಪಟೆ ಸುತ್ತಿಗೆಯಲ್ಲಿ ಹಗುರವಾಗಿ ಬಡಿಯುತ್ತಾರೆ. ಬಲವಾಗಿ ಬಡಿದರೆ ತಗಡು ಹಿಗ್ಗಿ ಉಬ್ಬಿಕೊಳ್ಳುತ್ತದೆ. ಹಾಗೆ ಹಿಗ್ಗಿದ ಜಾಗವನ್ನು ಗ್ಯಾಸಿನ ಜ್ವಾಲೆಯಿಂದ ಚುಕ್ಕೆಯಷ್ಟೇ ಕಾಯಿಸಿ, ಒದ್ದೆ ಬಟ್ಟೆಯಿಂದ ತಣಿಸಿ, ಕುಗ್ಗಿಸಿ ಸಮಮಾಡುತ್ತಾರೆ. ತುಕ್ಕು ತಿಂದ ಭಾಗಕ್ಕೆ ಈ ಉಪಾಯ ಸಲ್ಲದು. ಅದನ್ನು ಗಟ್ಟಿ ತಗಡು ಸಿಗುವವರೆಗೂ ಕತ್ತರಿಸಿ ತೆಗೆದು, ಅದೇ ದಪ್ಪದ ಹೊಸ ತುಂಡನ್ನು ಬೆಸೆಯಬೇಕು. ಬೆಸುಗೆಗೆ ಮುನ್ನ ಬ್ಯಾಟರಿಯ ಸಂಪರ್ಕ ತೆಗೆಯುವುದೂ, ಕಿಡಿ ಹಾರುವ ಕಡೆ ಪೆಟ್ರೋಲ್ ಟಾಂಕಿಯನ್ನು ಕಳಚಿಡುವುದೂ ಕಡ್ಡಾಯ.

ಪುಟ್ಟಿಯ ಮಿತಿ

ಸುತ್ತಿಗೆಯಿಂದ ಹೋಗದ ಸಣ್ಣ ಏರುತಗ್ಗುಗಳಿಗಾಗಿ ಪುಟ್ಟಿಯಿದೆ. ಎರಡು ಮೂರು ಮಿಲಿಮೀಟರು ಅದರ ಮಿತಿ. ಅದಕ್ಕಿಂತ ದಪ್ಪವಾದರೆ ಕಾರಿನ ಅಲುಗಾಟಕ್ಕೆ ಬಿರಿಯುತ್ತದೆ. ಪಾಲಿಯೆಸ್ಟರ್ ಪುಟ್ಟಿಗೆ ಸೇರಿಸುವ ಗಟ್ಟಿಕಾರಕ ನೂರಕ್ಕೆ ಸುಮಾರು ಎರಡು ಪಾಲು ಸಾಕು. ಹೆಚ್ಚಾದರೆ ಮೇಲಿನ ಬಣ್ಣದಲ್ಲಿ ಕಲೆಯಾಗಿ ತೋರಬಹುದು. ಪುಟ್ಟಿಯು ನೀರನ್ನು ಹೀರುತ್ತದೆ. ಆದ್ದರಿಂದ ಅದನ್ನು ಒಣದಾಗಿಯೇ ಉಜ್ಜಿ, ಬೇಗನೆ ಪ್ರೈಮರಿನಿಂದ ಮುಚ್ಚಬೇಕು. ಮಳೆಗಾಲದಲ್ಲಿ ಬರಿಯ ಪುಟ್ಟಿಯೊಡನೆ ಹೊರಗೆ ನಿಲ್ಲಿಸಿದ ಕಾರು, ಮುಂದೆ ಏಳುವ ಗುಳ್ಳೆಗಳ ಬೀಜವನ್ನು ಆಗಲೇ ಬಿತ್ತಿಕೊಂಡಿರುತ್ತದೆ.

ಉಜ್ಜುವ ಕಾಗದದ ಅಂಕಿ ಹೆಚ್ಚಿದಷ್ಟೂ ಅದು ನಯ. ಪುಟ್ಟಿಗೆ 80ರಿಂದ ಆರಂಭಿಸಿ 180, 320. ಪ್ರೈಮರಿನ ಮೇಲೆ ನೀರು ಹಾಕಿ 400, 600, 800. ಮಗ್ಗಿ ಬಾರದವನಿಗೆ ಭಾಗಾಕಾರ ಬಾರದು. ಇಲ್ಲಿಯೂ ನಡುವಿನ ಅಂಕಿಯನ್ನು ಹಾರಿದರೆ ಒರಟು ಗೀರುಗಳು ಬಣ್ಣದಲ್ಲಿ ಎದ್ದುಕಾಣುತ್ತವೆ. ನುರಿತ ಕೆಲಸಗಾರ ಕಣ್ಣನ್ನು ನಂಬದೆ ಅಂಗೈಯನ್ನು ಮೈಮೇಲೆ ಸವರಿ ನೋಡುತ್ತಾನೆ. ಕಣ್ಣಿಗೆ ಕಾಣದ ತಗ್ಗು ಕೈಗೆ ತಿಳಿಯುತ್ತದೆ.

ಬಣ್ಣ ಮತ್ತು ಹವೆ

ಹೆನ್ರಿ ಫೋರ್ಡನ ಟಿ ಮಾದರಿಯ ಕಾರು 1914ರಿಂದ 1925ರವರೆಗೆ ಕಪ್ಪು ಬಣ್ಣದಲ್ಲಿ ಮಾತ್ರ ದೊರೆಯುತ್ತಿತ್ತು. 1920ರ ದಶಕದಲ್ಲಿ ಅಮೆರಿಕದ ಡ್ಯೂಪಾಂಟ್ ಕಂಪನಿ ಬೇಗನೆ ಒಣಗುವ ನೈಟ್ರೋಸೆಲ್ಯುಲೋಸ್ ಬಣ್ಣವನ್ನು ತಂದಿತು. ವಾರಗಟ್ಟಲೆ ಹಿಡಿಯುತ್ತಿದ್ದ ಕೆಲಸ ಅದರಿಂದ ಬೇಗ ಮುಗಿಯತೊಡಗಿ, ಬಗೆಬಗೆಯ ವರ್ಣದ ಕಾರುಗಳು ಬೀದಿಗೆ ಬಂದವು. ಆ ಬಣ್ಣದ ಹೆಸರು ಡ್ಯೂಕೋ. ಮರಗೆಲಸದವರ ಬಾಯಲ್ಲಿ ಇಂದಿಗೂ ಕೇಳಿಬರುವ ಡ್ಯೂಕೋ ಪೇಂಟೆಂಬ ಮಾತಿನ ಮೂಲ ಇದೇ. ಎನ್.ಸಿ. ಎಂದು ಕರೆಯುವ ಈ ಬಣ್ಣ ಥಿನ್ನರ್ ಆವಿಯಾದಂತೆ ಒಣಗುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಆ ತಂಪಿಗೆ ನೀರು ಕೂಡಿ, ಬಣ್ಣ ಹಾಲಿನಂತೆ ಬೆಳ್ಳಗಾಗುತ್ತದೆ. ಆದುದರಿಂದ ನಮ್ಮ ಕಡೆ ಈ ಕೆಲಸವನ್ನು ಮಳೆಗಾಲದಲ್ಲಿ ಹಚ್ಚಿಕೊಳ್ಳದೆ, ಹವೆ ಒಣಗುವ ಜನವರಿ, ಫೆಬ್ರವರಿ ತಿಂಗಳುಗಳಿಗೆ ಇಟ್ಟುಕೊಳ್ಳುವುದು ಲೇಸು.

ಈಗ ಹೆಚ್ಚು ಬಳಕೆಯಲ್ಲಿರುವ ಪಿ.ಯು. ಬಣ್ಣ ಗಟ್ಟಿಕಾರಕದೊಡನೆ ಕೂಡಿ ಗಡುಸಾಗುತ್ತದೆ; ಬಿಸಿಲು, ಪೆಟ್ರೋಲುಗಳಿಗೆ ಚೆನ್ನಾಗಿ ತಡೆಯುತ್ತದೆ. ಹಳೆಯ ಎನ್.ಸಿ. ಬಣ್ಣದ ಮೇಲೆ ಇದನ್ನು ನೇರವಾಗಿ ಹೊಡೆದರೆ ಕೆಳಗಿನ ಪದರ ಸುಕ್ಕುಗಟ್ಟಬಹುದು. ಡಿಕ್ಕಿಯ ಒಳಮೂಲೆಯನ್ನು ಥಿನ್ನರಿನಲ್ಲಿ ಅದ್ದಿದ ಬಟ್ಟೆಯಿಂದ ಒರಸಿ ನೋಡಿರಿ. ಬಣ್ಣ ಕರಗಿ ಬಟ್ಟೆಗೆ ಹತ್ತಿದರೆ ಅದು ಎನ್.ಸಿ. ಎಂದು ತಿಳಿದು, ಕೆರೆದು ತೆಗೆಯುವುದು ಕ್ಷೇಮ.

ಬಣ್ಣ ಹೊಡೆಯುವವನ ಉಸಿರು

ಉಪಾಧ್ಯಾಯರಾದ ನಮಗೆ ಈ ವಿಷಯದಲ್ಲಿ ಹೆಚ್ಚಿನ ಕಳಕಳಿಯುಂಟು. ನಮ್ಮ ಬೆಂಚುಗಳ ಮೇಲೆ ಕುಳಿತು ಓದಿದ ಹುಡುಗರು ಇದೇ ಕಸುಬಿಗೆ ಸೇರುತ್ತಾರೆ. ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಬಣ್ಣ ಹೊಡೆಯುತ್ತಾರೆ. ಪಿ.ಯು. ಬಣ್ಣದ ಗಟ್ಟಿಕಾರಕದಲ್ಲಿ ಐಸೋಸಯನೇಟ್ ಎಂಬ ದ್ರವ್ಯವಿದೆ. ಕರವಸ್ತ್ರವಾಗಲಿ ಧೂಳಿನ ಮುಖವಾಡವಾಗಲಿ ಅದನ್ನು ತಡೆಯಲಾರದು. ಅದರಿಂದ ಉಬ್ಬಸ ಬರಬಹುದು. ಒಮ್ಮೆ ದೇಹಕ್ಕೆ ಒಗ್ಗದಂತಾದರೆ ಮುಂದೆ ಅಲ್ಪ ಪ್ರಮಾಣವೂ ಉಸಿರು ಕಟ್ಟಿಸೀತು. ಹೊರಗಿನ ಶುದ್ಧ ಗಾಳಿಯನ್ನು ಕೊಳವೆಯಿಂದ ಒದಗಿಸುವ ಮುಖವಾಡವೇ ಇದಕ್ಕೆ ತಕ್ಕ ರಕ್ಷಣೆ. ಹಳೆಯ ಬಣ್ಣದಲ್ಲಿ ಸೀಸವೂ ಇರಬಹುದಾದ್ದರಿಂದ ಅದನ್ನು ನೀರು ಹಾಕಿ ಉಜ್ಜಬೇಕು. ಮಕ್ಕಳನ್ನು ಅತ್ತ ಬಿಡಬಾರದು. ಸಾವಿರ ರೂಪಾಯಿ ಕಡಿಮೆಗೆ ಚೌಕಾಶಿ ಮಾಡುವ ಮುನ್ನ, ಆ ಉಳಿತಾಯ ಯಾರ ಶ್ವಾಸಕೋಶದಿಂದ ಬಂದೀತೆಂದು ಯೋಚಿಸುವುದು ಗಿರಾಕಿಯ ಧರ್ಮ.

ಕಾಗದಪತ್ರದ ಮಾತನ್ನೂ ಮರೆಯಬಾರದು. ಖಾಸಗಿ ಕಾರಿನ ನೋಂದಣಿ 15 ವರ್ಷದ್ದು. ಅನಂತರ ಪರೀಕ್ಷೆಗೊಳಪಡಿಸಿ 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಬಣ್ಣವೂ ಆರ್.ಸಿ.ಯಲ್ಲಿ ನಮೂದಾಗಿರುತ್ತದೆ. ಬೇರೆ ಬಣ್ಣ ಬೇಕೆನಿಸಿದರೆ ಮೊದಲು ಆರ್.ಟಿ.ಓ. ಕಚೇರಿಯಲ್ಲಿ ವಿಚಾರಿಸಿರಿ.

ಕೆಲಸ ಒಪ್ಪಿಸುವಾಗ "ಎಷ್ಟು ದಿನದಲ್ಲಿ ಹೊಳೆಯುತ್ತದೆ?" ಎಂದು ಕೇಳದೆ, "ತುಕ್ಕನ್ನು ಕತ್ತರಿಸಿದ ಮೇಲೆ, ಪುಟ್ಟಿ ಹಾಕುವ ಮೊದಲು ನಮಗೆ ತೋರಿಸುವಿರಾ?" ಎಂದು ಕೇಳಿರಿ. ಒಳ್ಳೆಯ ಕೆಲಸಗಾರ ಸಂತೋಷದಿಂದ ಒಪ್ಪುತ್ತಾನೆ; ಏಕೆಂದರೆ ಅವನ ಶ್ರಮವೆಲ್ಲ ಬಣ್ಣದ ಕೆಳಗೆ ಮರೆಯಾಗುವಂಥದು, ಅದನ್ನು ನೋಡುವವರು ವಿರಳ. ತೋರಿಸಲು ಹಿಂಜರಿಯುವಲ್ಲಿಂದ ಕಾರನ್ನು ಹಿಂದಕ್ಕೆ ತರುವುದೇ ಮೇಲು.